ಅರೂಶಾಗೆ ಹೊರಟಿರೋ ಸಿಸ್ಟರ್‌ಗೆ: ನೀರು ಕುದಿಸಿದ್ರೆ ಸಾಲಲ್ಲ

ಸಿಸ್ಟರ್, ವಂದನೆಗಳು. ಜನವರಿಯಲ್ಲಿ ಟಾಂಜಾನಿಯಾಗೆ, ಅರೂಶಾ ಪಕ್ಕದ ಹಳ್ಳಿಗೆ ಚರ್ಚ್ ಸೇವೆಗೆ ಹೋಗ್ತಿದ್ದೀವಿ, ಆರು ವರ್ಷದ್ದು ಮೂರು ವರ್ಷದ್ದು ಎರಡು ಮಕ್ಕಳು, ನೀರು ಕುದಿಸಿ ಕುಡಿದ್ರೆ ಸಾಕಲ್ವಾ, ದಿನ ಹೇಗೆ ಸಾಗತ್ತೆ, ಏನೇನು ತಗೊಂಡು ಹೋಗ್ಬೇಕು ಅಂತ ಕೇಳಿದ್ರಿ. ಉತ್ತರ ಸ್ವಲ್ಪ ಉದ್ದ ಆಗತ್ತೆ, ಅಡುಗೆ ಮಾಡ್ತಾನೇ ಕೇಳಿಸ್ಕೊಳ್ಳಿ.

ಕುದಿಸಿದ್ರೆ ಸಾಲಲ್ಲ. ಅದನ್ನೇ ಮೊದಲು ಹೇಳ್ತೀನಿ, ಯಾಕಂದ್ರೆ ತುಂಬ ಜನ ಎಡವೋದು ಇಲ್ಲೇ. ಅರೂಶಾ ಪಕ್ಕದ ಮೇರು ಬೆಟ್ಟ, ಕಿಲಿಮಂಜಾರೋ ಸುತ್ತ ಎಲ್ಲ ಜ್ವಾಲಾಮುಖಿಯ ಕಲ್ಲು. ಅಲ್ಲಿನ ಒರತೆ, ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ನಮ್ಮ ಪಾವಗಡ, ಬಾಗೇಪಲ್ಲಿ ಕಡೆ ಹಲ್ಲು ಕಂದು ಕಟ್ಟಿರೋದನ್ನ, ವಯಸ್ಸಾದವರ ಮೂಳೆ ಬಿಗಿದಿರೋದನ್ನ ನೋಡಿದ್ದೀರಲ್ಲ, ಅದೇ ತೊಂದರೆ. ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಮಿತಿ ಲೀಟರಿಗೆ 1.5 ಮಿಲಿಗ್ರಾಂ, ಅರೂಶಾ ಸುತ್ತ ಎಷ್ಟೋ ಕಡೆ ಅದರ ಹಲವು ಪಟ್ಟು ಇದೆ. ಕುದಿಸಿದ್ರೆ ಕ್ರಿಮಿ ಸಾಯತ್ತೆ, ಫ್ಲೋರೈಡ್ ಹೋಗಲ್ಲ. ನೀರು ಬತ್ತಿದಷ್ಟೂ ಉಳಿದದ್ದರಲ್ಲಿ ಹೆಚ್ಚೇ ಆಗತ್ತೆ. ಕ್ಯಾಂಡಲ್ ಫಿಲ್ಟರೂ ಅದನ್ನ ಹಿಡಿಯಲ್ಲ. ಮೂಳೆ ಸುಟ್ಟು ಮಾಡಿದ ಇದ್ದಲಿನ ಫಿಲ್ಟರ್ ಅಲ್ಲಿ ಬಳಸ್ತಾರೆ, ಅದು ಹಿಡಿಯತ್ತೆ, ಆದ್ರೆ ಇದ್ದಲಿನ ಶಕ್ತಿ ಮುಗಿದಿದ್ದು ಕಣ್ಣಿಗೂ ಕಾಣಲ್ಲ, ರುಚಿಗೂ ಗೊತ್ತಾಗಲ್ಲ, ಟೆಸ್ಟ್ ಮಾಡಿಸ್ತಾನೇ ಇರ್ಬೇಕು. ನಿಮ್ಮ ಮಕ್ಕಳಿಗೆ ಈಗ ಒಸಡಿನ ಒಳಗೆ ಕಾಯಂ ಹಲ್ಲು ತಯಾರಾಗ್ತಿರತ್ತೆ. ಈ ವಯಸ್ಸಲ್ಲಿ ಕಟ್ಟಿದ ಕಲೆ ಆಮೇಲೆ ಉಜ್ಜಿದ್ರೆ ಹೋಗಲ್ಲ.

ಹಾಗಾಗಿ ಕುಡಿಯೋದಕ್ಕೆ, ಅಡುಗೆಗೆ ಮಳೆ ನೀರು. ಸ್ನಾನ, ಬಟ್ಟೆ, ಪಾತ್ರೆಗೆ ನಲ್ಲಿ ನೀರು ಪರವಾಗಿಲ್ಲ. ಲೆಕ್ಕ ಸುಲಭ ಇದೆ: ಒಂದು ಚದರ ಮೀಟರ್ ತಗಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ರೆ ಒಂದು ಲೀಟರ್. 40 ಚದರ ಮೀಟರ್ ಮಾಡಿಗೆ 25 ಮಿಲಿಮೀಟರಿನ ಒಂದು ಒಳ್ಳೇ ಮಳೆ ಬಂದ್ರೆ 1,000 ಲೀಟರ್, ಐದರಲ್ಲಿ ಒಂದು ಪಾಲು ಚೆಲ್ಲಿ ಹೋದ್ರೂ 800 ಸಿಗತ್ತೆ. ನಾಲ್ಕು ಜನಕ್ಕೆ ಕುಡಿಯೋದಕ್ಕೂ ಅಡುಗೆಗೂ ದಿನಕ್ಕೆ 20 ಲೀಟರ್ ಅಂದ್ಕೊಳ್ಳಿ. ಜೂನಿಂದ ಅಕ್ಟೋಬರ್‌ವರೆಗೆ ಅಲ್ಲಿ ಒಣಗಾಲ, ಸುಮಾರು 150 ದಿನ, ಅಂದ್ರೆ 3,000 ಲೀಟರ್. 5,000 ಲೀಟರಿನ ಕಪ್ಪು ಪ್ಲಾಸ್ಟಿಕ್ ಟ್ಯಾಂಕ್ ಇದ್ರೆ ನಿಶ್ಚಿಂತೆ. ನಾವು ಸಿಂಟೆಕ್ಸ್ ಅನ್ನೋ ಹಾಗೆ ಅಲ್ಲಿ ಸಿಮ್‌ಟ್ಯಾಂಕ್ ಅಂತಾರೆ.

ಕೆಡೋದು ಮೊದಲ ಮಳೆಯಲ್ಲಿ. ತಿಂಗಳುಗಟ್ಟಲೆ ಮಾಡಿನ ಮೇಲೆ ಕೂತಿದ್ದ ಧೂಳು, ಹಕ್ಕಿ ಹಿಕ್ಕೆ ಎಲ್ಲ ಟ್ಯಾಂಕಿಗೆ ಇಳಿಯತ್ತೆ. ಅದಕ್ಕೆ ಸೂರಿನ ದೋಣಿಯಿಂದ ಬರೋ ಪೈಪಿಗೆ, ಟ್ಯಾಂಕಿಗೆ ಮೊದಲು ಒಂದು ಕವಲು ಹಾಕಿಸಿ. ಮೊದಲ 40 ಲೀಟರ್ ಆ ಕವಲಿಗೆ ಇಳಿದು ತುಂಬಬೇಕು, ಅದು ತುಂಬಿದ ಮೇಲೆ ಮಾತ್ರ ನೀರು ಟ್ಯಾಂಕಿಗೆ ಹೋಗ್ಬೇಕು. ನಾಲ್ಕು ಇಂಚಿನ ಪೈಪು ಮೀಟರಿಗೆ ಎಂಟು ಲೀಟರ್ ಹಿಡಿಯತ್ತೆ, ಐದು ಮೀಟರ್ ಬೇಕು. ಅಷ್ಟು ಜಾಗ ಇಲ್ಲಾಂದ್ರೆ ಒಂದು ಡ್ರಮ್ ಜೋಡಿಸ್ಬಹುದು. ಕೆಳಗಿನ ಮುಚ್ಚಳಕ್ಕೆ ಮೊಳೆ ಗಾತ್ರದ ತೂತು ಇರ್ಲಿ, ನಿಧಾನಕ್ಕೆ ತೊಟ್ಟಿಕ್ಕಿ ಮುಂದಿನ ಮಳೆಗೆ ಖಾಲಿ ಆಗತ್ತೆ. ಆ ತೂತು ಕಟ್ಟಿಕೊಂಡ್ರೆ ಇಡೀ ವ್ಯವಸ್ಥೆ ನಿಂತ ಹಾಗೆ, ತಿಂಗಳಿಗೊಮ್ಮೆ ಮುಚ್ಚಳ ಬಿಚ್ಚಿ ತೊಳೀರಿ. ಟ್ಯಾಂಕಿನ ಬಾಯಿಗೆ ಸೊಳ್ಳೆ ಜಾಲರಿ. ಈ ನೀರನ್ನ ಮಾತ್ರ ಕುದಿಸಿ, ಕ್ಯಾಂಡಲ್‌ನಲ್ಲಿ ಸೋಸಿ ಕುಡೀರಿ. ಇನ್ನೊಂದು ವಿಷಯ, ಸಣ್ಣ ಮಳೆ 'ವೂಲಿ' ಡಿಸೆಂಬರ್‌ಗೆ ಮುಗಿಯತ್ತೆ, ದೊಡ್ಡ ಮಳೆ 'ಮಸೀಕಾ' ಮಾರ್ಚ್‌ಗೆ ಶುರು. ನೀವು ಇಳಿಯೋದು ಇವೆರಡರ ನಡುವೆ. ಅಲ್ಲಿನ ಚರ್ಚ್ ಸಭೆಯವರಿಗೆ ಈಗ್ಲೇ ಹೇಳಿ, ವೂಲಿ ಮುಗಿಯೋದರೊಳಗೆ ದೋಣಿ, ಟ್ಯಾಂಕ್ ಕೂರಿಸ್ಲಿ.

ಮಲೇರಿಯಾ. ಅರೂಶಾ ಪಟ್ಟಣ ಸುಮಾರು 1,400 ಮೀಟರ್ ಎತ್ತರ, ಅಲ್ಲಿ ಕಡಿಮೆ. ನಿಮ್ಮ ಮನೆಯವರು, ಬ್ರದರ್, ಕೆಳಗಿನ ಹಳ್ಳಿಗಳಿಗೆ ಸೇವೆಗೆ ಹೋಗಿ ರಾತ್ರಿ ಉಳಿದಾಗ ಅಪಾಯ. ಔಷಧಿ ಲೇಪಿಸಿದ ಸೊಳ್ಳೆ ಪರದೆ ಬ್ಯಾಗಲ್ಲೇ ಇರ್ಲಿ, ಅಂಚನ್ನ ಹಾಸಿಗೆ ಕೆಳಗೆ ಸಿಕ್ಕಿಸ್ಬೇಕು. ಮಗುವಿಗೆ ಜ್ವರ ಬಂದ್ರೆ 'ನಾಳೆ ನೋಡೋಣ' ಬೇಡ, ಅಲ್ಲಿನ ಫಾಲ್ಸಿಪಾರಂ ಅನ್ನೋ ಜಾತಿ ಮಲೇರಿಯಾ ಒಂದೇ ದಿನದಲ್ಲಿ ಜೀವಕ್ಕೆ ಕುತ್ತು ತರಬಹುದು, ಅದೇ ದಿನ ಟೆಸ್ಟ್. ಡಾಕ್ಟರ್ ಸಾಮಾನ್ಯವಾಗಿ ಕೊಡೋದು ಆರ್ಟೆಮೆಥರ್-ಲ್ಯುಮೆಫಾಂಟ್ರಿನ್, ಮೂರು ದಿನಕ್ಕೆ ಆರು ಡೋಸ್, ತೂಕ ನೋಡಿ ಮಾತ್ರೆ. ಮೊದಲೆರಡು ಡೋಸ್ ನಡುವೆ ಎಂಟು ಗಂಟೆ. ಹಾಲಿನ ಜೊತೆ ಅಥವಾ ಎಣ್ಣೆ ಇರೋ ಊಟದ ಜೊತೆ ಕೊಡ್ಬೇಕು, ಖಾಲಿ ಹೊಟ್ಟೆಗೆ ಅದು ಸರಿಯಾಗಿ ಮೈಗೆ ಹತ್ತಲ್ಲ. ಎರಡನೇ ದಿನ ಜ್ವರ ಬಿಟ್ಟು ಮಗು ಆಡ್ತಿರತ್ತೆ, ಆಗ ನಿಲ್ಲಿಸಿದ್ರೆ ಮತ್ತೆ ತಿರುಗಿ ಬರತ್ತೆ. ರಜೆಗೆ ಊರಿಗೆ ಬಂದಾಗ ಜ್ವರ ಬಂದ್ರೂ ಆಫ್ರಿಕಾದಿಂದ ಬಂದಿದ್ದೀವಿ ಅಂತ ಡಾಕ್ಟರಿಗೆ ಮೊದಲ ಮಾತಲ್ಲೇ ಹೇಳಿ.

ಒದ್ದೆ ಬಟ್ಟೆ ನೆಲದ ಮೇಲೆ, ಹುಲ್ಲಿನ ಮೇಲೆ ಹರವಬೇಡಿ. ಒಂದು ಜಾತಿ ನೊಣ ಅದರಲ್ಲಿ ಮೊಟ್ಟೆ ಇಡತ್ತೆ, ಹುಳ ಚರ್ಮದೊಳಗೆ ಹೋಗಿ ಕುರುವಿನ ಹಾಗೆ ಏಳತ್ತೆ. ಹಗ್ಗದ ಮೇಲೆ ಒಣಗಿಸಿ, ಬಿಸಿ ಇಸ್ತ್ರಿ ಹಾಕಿ. ಒಳಉಡುಪು, ಸೊಂಟದ ಎಲಾಸ್ಟಿಕ್, ಹೊಲಿಗೆ ಸಾಲು ಬಿಡಬೇಡಿ.

ಊಟದ ಚಿಂತೆ ಬೇಡ. ರಾಗಿ ನಮಗೆ ಬಂದಿದ್ದೇ ಪೂರ್ವ ಆಫ್ರಿಕಾದ ಎತ್ತರದ ನಾಡಿಂದ. ಅಲ್ಲಿ ಅದಕ್ಕೆ 'ಉಲೆಜಿ' ಅಂತಾರೆ, ಸಂತೆಯಲ್ಲಿ ಸಿಗತ್ತೆ, ಬೆಳಿಗ್ಗೆ ಮಕ್ಕಳಿಗೆ ಕುಡಿಸೋ 'ಉಜಿ' ನಮ್ಮ ರಾಗಿ ಗಂಜಿಯೇ. ಮುದ್ದೆ ತಿಂದು ಬೆಳೆದ ಮಕ್ಕಳಿಗೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆ 'ಉಗಾಲಿ' ಹೊಸದು ಅನ್ಸಲ್ಲ. ಹಿಟ್ಟು ಕೊಳ್ಳೋ ಬದಲು ಕಾಳು ಆರಿಸಿ ಗಿರಣಿಗೆ ಹಾಕಿಸಿ. ಮುಗ್ಗಲು ಹಿಡಿದ ಮೆಕ್ಕೆಜೋಳ, ಕಡಲೆಕಾಯಿ ತೆಗೆದು ಬಿಸಾಕಿ, ಆ ಬೂಷ್ಟಿನ ವಿಷಾನೂ ಬೇಯಿಸಿದ್ರೆ ಹೋಗಲ್ಲ.

ಸ್ವಾಹಿಲಿ ಭಾಷೆಗೆ ಹೆದರಬೇಡಿ. ಕನ್ನಡದ ಹಾಗೇ ಪದಗಳು ಸ್ವರದಲ್ಲಿ ಮುಗಿಯತ್ತೆ, ಒಂದಕ್ಕೊಂದು ಅಂಟ್ಕೊಂಡು ಬೆಳೆಯತ್ತೆ. ಹಿರಿಯರು ಎದುರು ಬಂದ್ರೆ 'ಶಿಕಾಮೋ' ಅನ್ನೋದನ್ನ ಮಕ್ಕಳಿಗೆ ಇಲ್ಲೇ ಕಲಿಸಿ. ಗಂಟೆ ಲೆಕ್ಕ ಮಾತ್ರ ಬೇರೆ: ಬೆಳಿಗ್ಗೆ ಏಳು ಅವರಿಗೆ ಒಂದು ಗಂಟೆ. ಆರಾಧನೆ 'ಸಾ ತಾತು', ಅಂದ್ರೆ ಮೂರು ಗಂಟೆಗೆ ಅಂದ್ರು ಅಂತ ಮಧ್ಯಾಹ್ನ ಹೋದ್ರೆ ಸಭೆ ಮುಗಿದಿರತ್ತೆ, ಅದು ಬೆಳಿಗ್ಗೆ ಒಂಬತ್ತು. ಆರು ಕೂಡಿಸ್ಕೊಳ್ಳಿ. ಇನ್ನು ನಿಮ್ಮನ್ನ ನೋಡಿದ ತಕ್ಷಣ 'ಮ್ಹಿಂದಿ' ಅಂತಾರೆ. ಅಲ್ಲಿ ಭಾರತೀಯರು ಅಂದ್ರೆ ಅಂಗಡಿ ಮಾಲೀಕರು, ದುಡ್ಡಿನವರು ಅನ್ನೋ ಭಾವನೆ ಹಳೇದು. ಗೇಟಿಗೆ ಬಂದು ಫೀಸು, ಔಷಧಿ ಅಂತ ಕೇಳ್ತಾರೆ, ಕಷ್ಟ ನಿಜವಾದ್ದೇ ಇರತ್ತೆ. ಗಂಡ ಹೆಂಡತಿ ಇಬ್ಬರೂ ಕೂತು ತಿಂಗಳಿಗೆ ಇಷ್ಟು ಅಂತ ಎತ್ತಿಟ್ಟು, ಅಲ್ಲಿನ ಸಭೆಯ ಹಿರಿಯರ ಕೈಯಿಂದ ಕೊಡಿಸಿ. ಒಬ್ಬರು ಕೊಟ್ಟು ಒಬ್ಬರು ಇಲ್ಲ ಅಂದ್ರೆ ಮನೇಲೂ ಜಗಳ, ಊರಲ್ಲೂ ಬೇಸರ.

ಒಯ್ಯೋದಕ್ಕೆ: ಮಿಕ್ಸಿ ತಗೊಂಡು ಹೋಗಿ, ಅಲ್ಲೂ 230 ವೋಲ್ಟ್, ಚೌಕ ಮೂರು ಪಿನ್ನಿನ ಅಡಾಪ್ಟರ್ ಸಾಕು. ಗ್ಯಾಸ್ ರೆಗ್ಯುಲೇಟರ್ ಒಯ್ಯಬೇಡಿ, ಅಲ್ಲೇ ಕೊಳ್ಳಿ. ಕುಕ್ಕರ್ ಬೇಕೇ ಬೇಕು, ಆ ಎತ್ತರದಲ್ಲಿ ನೀರು 95 ಡಿಗ್ರಿಗೇ ಕುದಿಯತ್ತೆ, ತೆರೆದ ಪಾತ್ರೇಲಿ ಬೇಳೆ ಬೇಯೋದು ತಡ. ಗ್ಯಾಸ್ಕೆಟ್ ನಾಲ್ಕು, ಸೇಫ್ಟಿ ವಾಲ್ವ್ ಎರಡು ಹೆಚ್ಚಿಗೆ ಇಟ್ಕೊಳ್ಳಿ. ಕೊಳ್ಳೋವಾಗ ಹಳೇ ಗ್ಯಾಸ್ಕೆಟ್ಟನ್ನೇ ಅಂಗಡಿಗೆ ಒಯ್ದು ಅಳತೆ ನೋಡಿ, ಮೂರು ಲೀಟರಿನದ್ದು ಐದು ಲೀಟರಿನ ಮುಚ್ಚಳಕ್ಕೆ ಕೂರಲ್ಲ.