ಮಿಲಿಟರಿ ಆಸ್ಪತ್ರೆ ಬಿಲ್ಲಿಂಗ್: ಡಿಡಕ್ಟಿಬಲ್ ದುಡ್ಡನ್ನ ಯಾರ ಹತ್ರ ಕೇಳೋದು?

ಪ್ರಶ್ನೆ:
ಒಂಬತ್ತು ವರ್ಷ ಅಮೆರಿಕದ ಒಂದು ಸಿವಿಲಿಯನ್ ಆಸ್ಪತ್ರೆಯ ಬಿಲ್ಲಿಂಗ್‌ನಲ್ಲಿದ್ದೆ. ಹೋದ ತಿಂಗಳು ಮಿಲಿಟರಿ ಆಸ್ಪತ್ರೆಗೆ ಸೇರಿದೀನಿ. ನಿವೃತ್ತ ಸೈನಿಕರೊಬ್ಬರ ಹೆಂಡತಿಯ ಕ್ಲೇಮ್ ಇದು. ಆಕೆಗೆ ತಮ್ಮ ಕೆಲಸದ ಕಡೆಯಿಂದ ಬೇರೆ ಇನ್ಶೂರೆನ್ಸ್ ಇದೆ. ಕಂಪನಿಯವರು 300 ಡಾಲರ್‌ಗೆ ಪಿಆರ್-1 ಕೋಡ್ ಹಾಕಿ ಡಿಡಕ್ಟಿಬಲ್‌ಗೆ (ಇನ್ಶೂರೆನ್ಸ್ ಕೊಡೋಕೆ ಶುರು ಮಾಡೋ ಮೊದಲು ಪೇಷೆಂಟ್ ಪ್ರತಿ ವರ್ಷ ತಾವೇ ಕಟ್ಟಬೇಕಾದ ಪಾಲು) ತಳ್ಳಿದಾರೆ. ಕೈ ತಾನಾಗೇ ಪೇಷೆಂಟ್ ಸ್ಟೇಟ್‌ಮೆಂಟ್, ಅಂದ್ರೆ ಆಕೆಗೆ ಕಳಿಸೋ ಬಿಲ್, ತೆಗೆಯೋಕೆ ಹೋಯ್ತು. ಪಕ್ಕದ ಸೀಟಿನವರು ‘ಬೇಡ ಬೇಡ’ ಅಂತ ತಡೆದರು. ಹಾಗಾದ್ರೆ ಆ 300 ಎಲ್ಲಿ ಹೋಗುತ್ತೆ?

ಉತ್ತರ 1:
ರೈಟ್ ಆಫ್ ಮಾಡಿ, ಅಂದ್ರೆ ಬಾಕಿ ಲೆಕ್ಕದಿಂದ ತೆಗೆದುಬಿಡಿ. ಆಕೆಗೆ ಬಿಲ್ ಕಳಿಸೋ ಹಾಗಿಲ್ಲ.

ಉತ್ತರ 2:
ನಾನೂ ಎರಡೂ ಕಡೆ ಕೆಲಸ ಮಾಡಿದವಳು, ಸ್ವಲ್ಪ ಬಿಡಿಸಿ ಹೇಳ್ತೀನಿ. ಸಿವಿಲಿಯನ್ ಆಸ್ಪತ್ರೆಯಲ್ಲಿ ಪಿಆರ್ ಅಂದ್ರೆ ಪೇಷೆಂಟ್ ಕಟ್ಟಬೇಕಾದ ಪಾಲು. ನಮ್ಮಲ್ಲಿ ಥರ್ಡ್ ಪಾರ್ಟಿ ಕಲೆಕ್ಷನ್ ಕಾನೂನು ನಡೆಯುತ್ತೆ, 1986ರಿಂದ ಇರೋದು. ಸೈನಿಕ ಕುಟುಂಬದವರ ಖಾಸಗಿ ಇನ್ಶೂರೆನ್ಸ್‌ನಿಂದ ವಸೂಲಿ ಮಾಡಬಹುದು, ಆದರೆ ಅದರ ಹೆಸರಲ್ಲಿ ಅವರ ಕೈಯಿಂದ ಒಂದು ಸೆಂಟ್ ಕೂಡ ಹೆಚ್ಚಿಗೆ ಕೇಳೋ ಹಾಗಿಲ್ಲ. ‘ಸರ್ಕಾರಿ ಆಸ್ಪತ್ರೆ, ಪೇಷೆಂಟ್ ಹೇಗೂ ದುಡ್ಡು ಕಟ್ಟಬೇಕಿಲ್ಲ, ನಾವ್ಯಾಕೆ ಕೊಡಬೇಕು’ ಅಂತ ಕಂಪನಿ ಜಾರಿಕೊಳ್ಳೋಕೂ ಆಗಲ್ಲ. ಅಂಥ ಡಿನಯಲ್ (ಕ್ಲೇಮ್ ನಿರಾಕರಣೆ) ಬಂದ್ರೆ ಸುಮ್ಮನೆ ಬಿಡಬೇಡಿ, ಅಪೀಲ್ ಹಾಕಿ.

ನಿಜವಾಗಿ ದುಡ್ಡು ಸೋರೋದು ಪೇಷೆಂಟ್ ಬಂದು ಹೆಸರು ಬರೆಸೋ ಕೌಂಟರ್‌ನಲ್ಲಿ, ಡಿಡಿ 2569 ಫಾರ್ಮ್ ಹತ್ರ. ಬೇರೆ ಇನ್ಶೂರೆನ್ಸ್ ಇದೆಯಾ ಅಂತ ವರ್ಷಕ್ಕೊಮ್ಮೆ ಬರೆಸಿಕೊಳ್ಳೋ ಫಾರ್ಮ್. ಒಂದು ಮಂಡಿ ಆಪರೇಷನ್ ಕೇಸಲ್ಲಿ ನಮ್ಮವರು ಬಾಯಿಬಿಟ್ಟು ಕೇಳದೇ ‘ಇಲ್ಲ’ಕ್ಕೆ ಟಿಕ್ ಹಾಕಿದ್ದರು. ಹದಿನಾಲ್ಕು ತಿಂಗಳಾದ ಮೇಲೆ ಫಾಲೋಅಪ್‌ಗೆ ಬಂದ ಆ ಮನುಷ್ಯ ಪರ್ಸ್ ತೆರೆದಾಗ, ಮಿಲಿಟರಿ ಐಡಿ ಹಿಂದೇನೇ ಇನ್ಶೂರೆನ್ಸ್ ಕಾರ್ಡ್ ಇತ್ತು. ಕ್ಲೇಮ್ ಕಳಿಸಿದೆವು, ಸಿಒ-29 ಅಂತ ವಾಪಸ್ ಬಂತು, ಅಂದ್ರೆ ಕ್ಲೇಮ್ ಕಳಿಸೋ ಗಡುವು ಮುಗಿದಿತ್ತು. ನನಗೆ ಇವತ್ತಿಗೂ ಸಂಕಟ ಆಗುತ್ತೆ. ಯಾಕಂದ್ರೆ ವಸೂಲಾದ ಹಣ ಆ ಆಸ್ಪತ್ರೆಯ ಖರ್ಚಿಗೇ ಸೇರುತ್ತೆ, ಎಲ್ಲೋ ದೂರದ ಖಜಾನೆಗಲ್ಲ.

ಉತ್ತರ 3:
ಒಂದು ಮಾತು ಸೇರಿಸ್ತೀನಿ. ಅಪಘಾತವಾಗಿ ಎಮರ್ಜೆನ್ಸಿಗೆ ಬರೋ ಸಾಮಾನ್ಯ ನಾಗರಿಕರಿಗೆ ಈ ರಕ್ಷಣೆ ಇಲ್ಲ, ಅವರ ಲೆಕ್ಕವೇ ಬೇರೆ, ಬಿಲ್ ಅವರ ಹೆಸರಿಗೇ ಹೋಗುತ್ತೆ. ಕಟ್ಟೋ ಶಕ್ತಿ ಇಲ್ಲದವರಿಗೆ ಬಿಲ್ ತಗ್ಗಿಸೋಕೆ ಕಾನೂನಲ್ಲಿ ದಾರಿ ಇದೆ. ದಯವಿಟ್ಟು ಅದನ್ನ ಅವರಿಗೆ ನೀವೇ ಮೊದಲು ತಿಳಿಸಿ. ಆಸ್ಪತ್ರೆಯಿಂದ ಮನೆಗೆ ಹೋದವರಿಗೆ ಅದನ್ನ ಹುಡುಕೋ ತ್ರಾಣ ಇರಲ್ಲ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್ ಮೇಡಂ. 300 ರೈಟ್ ಆಫ್ ಮಾಡಿದೆ. ಆಕೆಗೆ ಫೋನ್ ಮಾಡಿ, ‘ನಮಗೇನೂ ಕಟ್ಟಬೇಕಿಲ್ಲಮ್ಮ, ಈ ಮೊತ್ತ ನಿಮ್ಮ ಈ ವರ್ಷದ ಡಿಡಕ್ಟಿಬಲ್‌ಗೆ ಜಮಾ ಆಗಿದೆ, ಹೊರಗಡೆ ಆಸ್ಪತ್ರೆಗೆ ಹೋದರೆ ಅಷ್ಟು ಕಡಿಮೆ ಕಟ್ಟಿದರಾಯ್ತು’ ಅಂದೆ. ಇನ್ಶೂರೆನ್ಸ್ ಕಂಪನಿಯ ಪತ್ರ ಕೈಲಿ ಹಿಡಿದು ಎರಡು ದಿನದಿಂದ ಯೋಚನೆ ಮಾಡ್ತಾ ಕೂತಿದ್ದರಂತೆ.