ಮೂರು ತಿಂಗಳಿಂದ ಎ ಪ್ಲಸ್‌ಗೆ ಓದ್ತಿದೀನಿ, ಪ್ರಾಕ್ಟೀಸ್ ಟೆಸ್ಟಲ್ಲಿ 58 ದಾಟ್ತಾನೇ ಇಲ್ಲ

ಪ್ರಶ್ನೆ: ಎಲ್ರಿಗೂ ನಮಸ್ತೆ, ಐಟಿ ಸಪೋರ್ಟಲ್ಲಿ ಇರೋರು ಯಾರಾದ್ರೂ ಸ್ವಲ್ಪ ದಾರಿ ಹೇಳಿ ಪ್ಲೀಸ್. ನಂಗೆ 34 ವರ್ಷ, ಮೆಡಿಕಲ್ ಸ್ಟೋರ್ ಕೌಂಟರಲ್ಲಿ 11 ವರ್ಷ ಆಯ್ತು, ಈಗ ಹೆಲ್ಪ್‌ಡೆಸ್ಕ್ ಕೆಲಸಕ್ಕೆ ಬರೋಣ ಅಂತ ಕಾಂಪ್‌ಟಿಯಾ ಸಂಸ್ಥೆಯ ಎ ಪ್ಲಸ್ ಅನ್ನೋ ಐಟಿ ಸಪೋರ್ಟ್ ಸರ್ಟಿಫಿಕೇಟಿಗೆ (ಕೋರ್ 1, ಕೋರ್ 2 ಅಂತ ಎರಡು ಪರೀಕ್ಷೆ) ಮನೇಲೇ ಒಬ್ಳೇ ಕೂತು ಓದ್ತಿದೀನಿ, ಯಾವ ಕ್ಲಾಸಿಗೂ ಸೇರಿಲ್ಲ. ಮಗು ಮಲಗಿದ ಮೇಲೆ ಒಂದೂವರೆ ಗಂಟೆ ಸಿಗತ್ತೆ, ಅಷ್ಟೇ. ಪ್ರೊಫೆಸರ್ ಮೆಸ್ಸರ್ ಅನ್ನೋರ ಪಾಠದ ವಿಡಿಯೋ ಕೋರ್ 1 ಪೂರ್ತಿ ಒಂದು ಸಲ ನೋಡಿ ಮತ್ತೆ ಅರ್ಧ ನೋಡಿದೀನಿ, ಎರಡು ನೋಟ್‌ಬುಕ್ ತುಂಬಿದೆ, ಪೋರ್ಟ್ ನಂಬರೆಲ್ಲ (ಒಂದೊಂದು ನೆಟ್‌ವರ್ಕ್ ಸೇವೆಗೂ ಇರೋ ಬಾಗಿಲ ನಂಬರು) ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿದೀನಿ. ಇಷ್ಟೆಲ್ಲ ಮಾಡಿ ಪ್ರಾಕ್ಟೀಸ್ ಟೆಸ್ಟಲ್ಲಿ 56, ಆಮೇಲೆ 58, ಹೋದ ವಾರ ಮತ್ತೆ 57. ವಿಡಿಯೋ ನೋಡುವಾಗ ಎಲ್ಲಾ ಗೊತ್ತಿರೋದೇ ಅನ್ಸತ್ತೆ, ಪ್ರಶ್ನೆ ಎದುರಿಗೆ ಬಂದ್ರೆ ನಾಲ್ಕು ಆಪ್ಷನ್ನೂ ಸರಿ ಅನ್ಸತ್ತೆ. ಇನ್ನೊಂದು ಕೋರ್ಸ್ ತಗೊಳ್ಲಾ? ಎ ಪ್ಲಸ್ ಬಿಟ್ಟು ನೇರ ಅವ್ರದೇ ನೆಟ್‌ವರ್ಕಿಂಗ್ ಸರ್ಟಿಫಿಕೇಟ್ ನೆಟ್‌ವರ್ಕ್ ಪ್ಲಸ್‌ಗೆ ಹೋಗ್ಲಾ? ಇಲ್ಲಾ ಈ ವಯಸ್ಸಲ್ಲಿ ಇದೆಲ್ಲಾ ನಂಗೆ ಆಗಲ್ವಾ, ನೇರವಾಗೇ ಹೇಳಿ ಬೇಜಾರಿಲ್ಲ.

ಉತ್ತರ: ಮೇಡಂ, ನಾನು 14 ವರ್ಷದಿಂದ ಡೆಸ್ಕ್‌ಟಾಪ್ ಸಪೋರ್ಟಲ್ಲಿದೀನಿ, ಈಗ ನಾಲ್ಕೈದು ವರ್ಷದಿಂದ ಎಲ್1 (ಮೊದಲ ಹಂತದ ಸಪೋರ್ಟ್) ಇಂಟರ್‌ವ್ಯೂ ತಗೊಳ್ಳೋನೂ ನಾನೇ. ವಯಸ್ಸಿನ ವಿಷ್ಯ ಮೊದ್ಲು ಪಕ್ಕಕ್ಕಿಡಿ. ಇನ್ನೊಂದು ಕೋರ್ಸಂತೂ ಖಂಡಿತ ಬೇಡ, ಇರೋ ವಿಡಿಯೋನೂ ಇವತ್ತಿಂದ ಬಂದ್ ಮಾಡಿ. ನೀವು ಮೂರು ತಿಂಗಳು ಓದಿಲ್ಲ, ಇನ್ನೊಬ್ರು ಓದಿದ್ದನ್ನ ನೋಡಿದೀರ. ಬೈತಿದೀನಿ ಅನ್ಕೋಬೇಡಿ, ನಾನೂ ಇದನ್ನೇ ಮಾಡಿ ಮೊದಲನೇ ಸಲ ಫೇಲಾದವನು, ಆ ಕಥೆ ಆಮೇಲೆ ಹೇಳ್ತೀನಿ.

ನಿಮ್ಮ ಕೌಂಟರ್‌ದೇ ಉದಾಹರಣೆ ತಗೊಳ್ಳಿ. ಒಂದೇ ಥರ ಕೇಳಿಸೋ ಔಷಧಿ ಹೆಸರು ಎಷ್ಟಿರತ್ತೆ, ನಿಮಗೆ ಯಾವತ್ತಾದ್ರೂ ಗೊಂದಲ ಆಗತ್ತಾ? ಆಗಲ್ಲ, ಯಾಕಂದ್ರೆ ಅದನ್ನ ಚಾರ್ಟ್ ನೋಡಿ ಕಲ್ತಿಲ್ಲ, ಶೆಲ್ಫಿಂದ ಡಬ್ಬಿ ತೆಗೆದು ತೆಗೆದು ಕಲ್ತಿದೀರ. 3389 ಅಂದ್ರೆ ರಿಮೋಟ್ ಡೆಸ್ಕ್‌ಟಾಪು (ದೂರದ ಕಂಪ್ಯೂಟರನ್ನ ಇಲ್ಲಿಂದ ನಡೆಸೋದು) ಅಂತ ಫ್ರಿಜ್ ಮೇಲೆ ನೂರು ಸಲ ಓದೋದಕ್ಕಿಂತ ಒಂದ್ಸಲ ಆ ಪೋರ್ಟನ್ನ ಫೈರ್‌ವಾಲಲ್ಲಿ ಬ್ಲಾಕ್ ಮಾಡಿ ಕನೆಕ್ಟ್ ಆಗದೇ ಇರೋದನ್ನ ಕಣ್ಣಾರೆ ನೋಡಿ, ಸತ್ರೂ ಮರೆಯಲ್ಲ.

ಲ್ಯಾಬ್‌ಗೆ ಏನೂ ಕೊಳ್ಳೋದು ಬೇಡ. ಕಂಪ್ಯೂಟರೊಳಗೇ ಇನ್ನೊಂದು ನಕಲಿ ಕಂಪ್ಯೂಟರ್, ಅಂದ್ರೆ ವಿಎಂ, ಓಡ್ಸೋ ವರ್ಚುವಲ್‌ಬಾಕ್ಸ್ ಫ್ರೀ, ವಿಂಡೋಸ್ 11 ಎಂಟರ್‌ಪ್ರೈಸ್ 90 ದಿನದ ಇವ್ಯಾಲ್ಯುಯೇಷನ್ ಕಾಪಿ ಮೈಕ್ರೋಸಾಫ್ಟೇ ಕೊಡತ್ತೆ. ಅದ್ಕೆ 4 ಜಿಬಿ ರ್ಯಾಮ್ ಬೇಕು, ಅಂದ್ರೆ ನಿಮ್ಮ ಲ್ಯಾಪ್‌ಟಾಪ್ 8 ಜಿಬಿ ಆಗಿದ್ರೆ ಒಂದೇ ವಿಎಂ ಓಡ್ಸಿ, 16 ಇದ್ರೆ ಎರಡು. ಇನ್‌ಸ್ಟಾಲ್ ಆದ ತಕ್ಷಣ ಒಂದು ಸ್ನ್ಯಾಪ್‌ಶಾಟ್ ತೆಗೆದಿಡಿ, ಆಮೇಲೆ ಹೆಂಗೆ ಬೇಕೋ ಹಂಗೆ ಕೆಡಿಸಿ, ವಾಪಸ್ ಬರ್ಬೋದು.

ಮೊದಲನೇ ರಾತ್ರಿ ಹಿಂಗೆ ಮಾಡಿ. ವಿಎಂ ನೆಟ್‌ವರ್ಕ್ ನ್ಯಾಟ್ ಮೋಡಲ್ಲಿರುವಾಗ (ನಿಮ್ಮ ಲ್ಯಾಪ್‌ಟಾಪ್ ಮೂಲಕ ಹೊರಗಿನ ನೆಟ್‌ಗೆ ಹೋಗೋ ಮೋಡು) ಕಮಾಂಡ್ ಪ್ರಾಂಪ್ಟಲ್ಲಿ ಐಪಿಕಾನ್ಫಿಗ್ ಕೊಡಿ, ವಿಎಂನ ನೆಟ್‌ವರ್ಕ್ ಅಡ್ರೆಸ್, ಅಂದ್ರೆ ಐಪಿ, 10.0.2.15 ಅಂತ ತೋರಿಸತ್ತೆ. ಈಗ ಅದೇ ಅಡಾಪ್ಟರನ್ನ ವಿಎಂಗಳ ನಡುವೆ ಮಾತ್ರ ಇರೋ ಇಂಟರ್ನಲ್ ನೆಟ್‌ವರ್ಕ್‌ಗೆ ಬದಲಾಯ್ಸಿ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೊಡಿ. 169.254 ಇಂದ ಶುರುವಾಗೋ ಅಡ್ರೆಸ್ ಬಂದಿರತ್ತೆ. ಅಲ್ಲಿ ಅಡ್ರೆಸ್ ಹಂಚೋಕೆ ಡಿಎಚ್‌ಸಿಪಿ ಅನ್ನೋರು ಯಾರೂ ಇಲ್ಲ, ವಿಂಡೋಸ್ ಕರೆದು ಕರೆದು ಸಾಕಾಗಿ ತಾನೇ ಒಂದು ನಂಬರ್ ಹಾಕ್ಕೊಂಡಿದೆ. ನಿಮ್ಮ ನೋಟ್‌ಬುಕ್ಕಲ್ಲಿ ಎಪಿಪಾ ಅಂತ ಬರ್ದು ಅಂಡರ್‌ಲೈನ್ ಮಾಡಿದೀರಲ್ಲ, ಇದೇ ಅದು. ಇನ್ಮೇಲೆ ಪ್ರಶ್ನೇಲಿ 169.254 ಕಂಡ ತಕ್ಷಣ ಡಿಎನ್‌ಎಸ್ (ಸೈಟ್ ಹೆಸರನ್ನ ಐಪಿ ನಂಬರಿಗೆ ಬದಲಾಯ್ಸೋದು) ಅಂತಿರೋ ಆಪ್ಷನ್ ಕಡೆ ಕಣ್ಣೇ ಹೋಗಲ್ಲ. ಎರಡನೇ ರಾತ್ರಿ ಮತ್ತೆ ನ್ಯಾಟ್‌ಗೆ ತಂದು ಡಿಎನ್‌ಎಸ್ ಜಾಗದಲ್ಲಿ ಬೇಕಂತಲೇ ತಪ್ಪು ಐಪಿ ಹಾಕಿ, ನಂಬರಿಗೆ ಪಿಂಗ್ (ಅಲ್ಲಿದೀಯಾ ಅಂತ ಕೇಳೋ ಕಮಾಂಡ್) ಹೋಗತ್ತೆ ಹೆಸರಿಗೆ ಹೋಗಲ್ಲ. ಕೆಲಸದಲ್ಲಿ ‘ನೆಟ್ ಇಲ್ಲ’ ಅಂತ ಬರೋ ಫೋನುಗಳಲ್ಲಿ ಈ ಎರಡೂ ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ.

ಹಾರ್ಡ್‌ವೇರ್‌ಗೆ ಯಾರ ಮನೇಲಾದ್ರೂ ಮೂಲೆ ಸೇರಿರೋ ಹಳೇ ಡೆಸ್ಕ್‌ಟಾಪ್ ಇದ್ರೆ ತಂದು ಬಿಚ್ಚಿ ಜೋಡ್ಸಿ. ಪವರ್ ಸಪ್ಲೈ ಡಬ್ಬಿ ಮಾತ್ರ ಬಿಚ್ಚೋಕೆ ಹೋಗ್ಬೇಡಿ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರಲ್ಲಿ ಚಾರ್ಜ್ ಉಳ್ಕೊಂಡಿರತ್ತೆ.

ನಾಲ್ಕು ಆಪ್ಷನ್ನೂ ಸರಿ ಅನ್ಸತ್ತೆ ಅಂದ್ರಲ್ಲ, ಬಹಳ ಪ್ರಶ್ನೆಲಿ ನಾಲ್ಕೂ ಮಾಡೋ ಕೆಲಸವೇ ಆಗಿರತ್ತೆ. ಅವ್ರು ಕೇಳೋದು ಮೊದಲು ಯಾವುದು ಅಂತ. ಪ್ರಶ್ನೇಲಿ ಫಸ್ಟ್, ಬೆಸ್ಟ್, ಮೋಸ್ಟ್ ಲೈಕ್ಲಿ ಅನ್ನೋ ಪದದ ಮೇಲೇ ಇಡೀ ಉತ್ತರ ನಿಂತಿರತ್ತೆ. ಅದ್ಕೆ ಟ್ರಬಲ್‌ಶೂಟಿಂಗಿನ ಆರು ಹೆಜ್ಜೆ ಇದ್ಯಲ್ಲ, ಸಮಸ್ಯೆ ಏನು ಅಂತ ಕೇಳಿ ತಿಳ್ಕೊಳ್ಳೋದು, ಕಾರಣ ಇದಿರ್ಬೋದು ಅಂತ ಊಹಿಸೋದು, ಆ ಊಹೆ ಸರಿನಾ ಅಂತ ಪರೀಕ್ಷೆ ಮಾಡೋದು, ಪ್ಲಾನ್ ಹಾಕಿ ಸರಿ ಮಾಡೋದು, ಎಲ್ಲಾ ಕೆಲಸ ಮಾಡ್ತಿದ್ಯಾ ಅಂತ ನೋಡೋದು, ಕೊನೇಲಿ ಬರೆದಿಡೋದು, ಇದನ್ನ ಬಾಯಿಪಾಠ ಮಾಡೋ ಬದ್ಲು ನೀವು ಮಾಡ್ತಿರೋ ಪ್ರತಿ ಲ್ಯಾಬಲ್ಲೂ ಈಗ ಯಾವ ಹೆಜ್ಜೇಲಿದೀನಿ ಅಂತ ಕೇಳ್ಕೊಳ್ಳಿ. ಜ್ವರ ಅಂತ ಬಂದವ್ರಿಗೆ ನೀವು ನೇರ ಮಾತ್ರೆ ಕೊಡ್ತೀರಾ? ಎಷ್ಟು ದಿನದಿಂದ, ಬೇರೆ ಏನಾದ್ರೂ ತಗೊಳ್ತಿದೀರಾ, ಅಲರ್ಜಿ ಇದ್ಯಾ, ಇಷ್ಟೂ ಕೇಳ್ತೀರಲ್ಲ. ಮೊದಲನೇ ಹೆಜ್ಜೆ 11 ವರ್ಷದಿಂದ ನಿಮ್ಮ ಕೈಲೇ ಇದೆ ಮೇಡಂ, ಹೊಸಬ್ರಿಗೆ ನಾನು ಇದನ್ನ ಕಲಿಸೋಕೆ ತಿಂಗಳುಗಟ್ಲೆ ಒದ್ದಾಡ್ತೀನಿ.

ಟೆಸ್ಟ್ ಆದ ಮೇಲೆ ತಪ್ಪಾದ ಪ್ರಶ್ನೆಗೆ ಸರಿ ಉತ್ತರ ನೋಡ್ಕೊಂಡು ಮುಂದಕ್ಕೆ ಹೋಗ್ಬೇಡಿ. ಉಳಿದ ಮೂರು ಯಾಕೆ ತಪ್ಪು ಅಂತ ಒಂದೊಂದು ಸಾಲು ನಿಮ್ಮದೇ ಮಾತಲ್ಲಿ ಬರೀರಿ, ಕನ್ನಡದಲ್ಲೇ ಬರೀರಿ. ಒಂದು ಟೆಸ್ಟಿಗೆ ಮೂರು ರಾತ್ರಿ ಹಿಡೀಲಿ ಪರ್ವಾಗಿಲ್ಲ. ಮತ್ತೆ ಅದೇ ಟೆಸ್ಟ್ ತಗೊಂಡ್ರೆ ಪ್ರಶ್ನೆಗಳೇ ನೆನಪಲ್ಲಿ ಉಳಿದು ಮಾರ್ಕ್ಸ್ ಸುಮ್ನೆ ಏರತ್ತೆ, ಅದನ್ನ ನಂಬ್ಬೇಡಿ.

ಇನ್ನು ಸಮಯ ಎಲ್ಲಿ ಹಾಕ್ಬೇಕು ಅನ್ನೋದು. 220-1201 ಅಂದ್ರೆ ಈಗಿನ ಕೋರ್ 1 ಪರೀಕ್ಷೇಲಿ ಟ್ರಬಲ್‌ಶೂಟಿಂಗ್ 28 ಪರ್ಸೆಂಟು, ಹಾರ್ಡ್‌ವೇರ್ 25, ನೆಟ್‌ವರ್ಕಿಂಗ್ 23, ಮೊಬೈಲ್ 13, ವರ್ಚುವಲೈಸೇಷನ್ ಕ್ಲೌಡ್ 11. ಮೊದಲ ಮೂರೇ ಮುಕ್ಕಾಲು ಭಾಗ. ವಿಡಿಯೋ ನೋಡೋರು ಎಲ್ಲಾ ಚಾಪ್ಟರಿಗೂ ಒಂದೇ ಸಮ ಟೈಮ್ ಕೊಡ್ತಾರೆ. ಕಾಂಪ್‌ಟಿಯಾ ಸೈಟಲ್ಲಿ ಆಬ್ಜೆಕ್ಟಿವ್ಸ್ ಪಿಡಿಎಫ್ ಫ್ರೀಯಾಗಿ ಸಿಗತ್ತೆ, ಇಳ್ಸಿ ಒಂದೊಂದೇ ಸಾಲಿಗೆ ‘ಇದನ್ನ ಮಾಡಿ ತೋರ್ಸಕ್ಕೆ ಬರತ್ತಾ’ ಅಂತ ಕೇಳ್ಕೊಂಡು ಟಿಕ್ ಹಾಕಿ. ಕೇಳಿದೀನಿ ಅಂತಿದ್ರೆ ಟಿಕ್ ಬೇಡ.

ಪಾಸ್ ಮಾರ್ಕ್ಸ್ ಬಗ್ಗೆನೂ ಹೆದರಿದೀರ ಅನ್ಸತ್ತೆ. ಸ್ಕೋರ್ 100 ರಿಂದ 900 ರ ಸ್ಕೇಲಲ್ಲಿ ಬರೋದು, ಕೋರ್ 1 ಕ್ಕೆ 675, ಕೋರ್ 2 ಕ್ಕೆ 700 ಬೇಕು. ಅದು ಪರ್ಸೆಂಟೇಜ್ ಅಲ್ಲ, ನಿಮ್ಮ 58 ನ ಅದರ ಜೊತೆ ಗುಣಾಕಾರ ಭಾಗಾಕಾರ ಮಾಡ್ಬೇಡಿ. ಆದ್ರೂ ಹೊಸ ಹೊಸ ಟೆಸ್ಟಲ್ಲಿ 80 ರ ಮೇಲೆ ನಿಲ್ಲೋವರ್ಗೂ ಡೇಟ್ ಬುಕ್ ಮಾಡ್ಬೇಡಿ ಅನ್ನೋದು ನನ್ನ ಲೆಕ್ಕ.

ನೆಟ್‌ವರ್ಕ್ ಪ್ಲಸ್ ಆಮೇಲೆ ನೋಡೋಣ. ಹೆಲ್ಪ್‌ಡೆಸ್ಕ್ ಗುರಿ ಇದ್ರೆ ಪ್ರಿಂಟರು, ಪಾಸ್‌ವರ್ಡು, ಲ್ಯಾಪ್‌ಟಾಪ್ ಬ್ಯಾಟರಿ ಇದೇ ದಿನದ ಊಟ.

ಕೇಳಿದವರು: ಸರ್ ತುಂಬಾ ಥ್ಯಾಂಕ್ಸ್, ‘ಓದಿಲ್ಲ ನೋಡಿದೀರ’ ಅಂದಿದ್ದು ಚುಚ್ತು ಆದ್ರೆ ನಿಜ. ಯಜಮಾನ್ರ ಲ್ಯಾಪ್‌ಟಾಪ್ 16 ಜಿಬಿ ಇದೆ, ಇವತ್ತೇ ಹಾಕ್ತೀನಿ. ನೀವು ಫೇಲಾದ ಕಥೆ ಹೇಳ್ತೀನಿ ಅಂದಿದ್ರಿ?

ಉತ್ತರ: ಹೂಂ, ಅದು ಪಿಬಿಕ್ಯೂ ಕಥೆ. ಪರೀಕ್ಷೇಲಿ ಹೆಚ್ಚಂದ್ರೆ 90 ಪ್ರಶ್ನೆ, 90 ನಿಮಿಷ. ಅದ್ರಲ್ಲಿ ಕೆಲವು ಪರ್ಫಾರ್ಮೆನ್ಸ್ ಬೇಸ್ಡ್, ಅದೇ ಪಿಬಿಕ್ಯೂ, ಅಂದ್ರೆ ಸ್ಕ್ರೀನ್ ಮೇಲೆ ಎಳೆದು ಜೋಡಿಸೋದು, ಸೆಟ್ಟಿಂಗ್ ಮಾಡೋದು, ಸಾಮಾನ್ಯವಾಗಿ ಶುರುವಲ್ಲೇ ಬರತ್ತೆ. ನಂಗೆ ಮೊದಲನೇದೇ ವೈರ್‌ಲೆಸ್ ರೌಟರ್ ಸೆಟಪ್ ಬಂತು, ನಾನು ಜಿದ್ದಿಗೆ ಬಿದ್ದು ಕೂತೆ. ತಲೆ ಎತ್ತಿ ಗಡಿಯಾರ ನೋಡಿದ್ರೆ 35 ನಿಮಿಷ ಢಮಾರ್. ಕೊನೇ 20 ಪ್ರಶ್ನೆಗೆ ಕಣ್ಮುಚ್ಚಿ ಒತ್ತಿದ್ದು. ನೀವು ಹಂಗ್ ಮಾಡ್ಬೇಡಿ, ಪಿಬಿಕ್ಯೂ ಬಂದ್ರೆ ಫ್ಲಾಗ್ ಹಾಕಿ ದಾಟ್ಕೊಂಡು ಹೋಗಿ, ಆಪ್ಷನ್ ಪ್ರಶ್ನೆ ಮುಗಿಸಿ ವಾಪಸ್ ಬನ್ನಿ. ಎಷ್ಟೋ ಸಲ ಮುಂದಿನ ಪ್ರಶ್ನೆಗಳೇ ಹಿಂದಿನದಕ್ಕೆ ಸುಳಿವು ಕೊಡತ್ತೆ.

ಇನ್ನೊಂದು, ಮಗು ಇದೆ ಅಂದ್ರಿ. ಮನೇಲೇ ಆನ್‌ಲೈನ್ ಪರೀಕ್ಷೆ ಬರೀಬೋದು ಆದ್ರೆ ರೂಮಲ್ಲಿ ಬೇರೆ ಯಾರೂ ಇರ್ಬಾರ್ದು, ಮಧ್ಯ ಬಾಗ್ಲು ತಳ್ಕೊಂಡು ಯಾರಾದ್ರೂ ಬಂದ್ರೆ ಪರೀಕ್ಷೆನೇ ನಿಲ್ಲಿಸ್ಬೋದು. ಟೆಸ್ಟ್ ಸೆಂಟರಿಗೇ ಹೋಗಿ.

ಇನ್ನೊಬ್ಬರು: ಅಣ್ಣ ಇಷ್ಟೆಲ್ಲಾ ಯಾಕೆ, ನನ್ ಫ್ರೆಂಡ್ ಡಂಪ್ಸ್ ಓದಿ ಎರಡು ವಾರದಲ್ಲಿ ಪಾಸಾದ. ಬೇಕಂದ್ರೆ ಫೈಲ್ ಕಳಿಸ್ತೀನಿ.

ಉತ್ತರ: ಕಳಿಸ್ಬೇಡಪ್ಪ. ನಿಜವಾದ ಪರೀಕ್ಷೆ ಪ್ರಶ್ನೆ ಕದ್ದು ಮಾರೋದೇ ಡಂಪ್ಸು, ಗೊತ್ತಾದ್ರೆ ಸರ್ಟಿಫಿಕೇಟ್ ರದ್ದು ಮಾಡೋ ಅಧಿಕಾರ ಕಾಂಪ್‌ಟಿಯಾಗಿದೆ. ಅದು ಬಿಡು, ನನ್ನ ಟೇಬಲ್ ಎದುರಿಗೆ ಅಂಥವ್ರು ಎಷ್ಟು ಜನ ಕೂತಿದಾರೆ ಗೊತ್ತಾ. ನಾನು ಕೇಳೋದು ಒಂದೇ ಪ್ರಶ್ನೆ, ‘ಯೂಸರ್ ಫೋನ್ ಮಾಡಿ ಪ್ರಿಂಟ್ ಬರ್ತಿಲ್ಲ ಅಂತಾರೆ, ಏನು ಮಾಡ್ತೀಯ’. ಡಂಪ್ಸ್ ಓದಿದವ್ರು ಡ್ರೈವರ್ ರೀಇನ್‌ಸ್ಟಾಲ್ ಸರ್ ಅಂತಾರೆ. ಒಬ್ರಿಗೇ ಬರ್ತಿಲ್ವಾ ಎಲ್ರಿಗೂ ಬರ್ತಿಲ್ವಾ ಅಂತ ವಾಪಸ್ ನನ್ನೇ ಕೇಳಿದವ್ರನ್ನ ನಾನು ಎರಡನೇ ರೌಂಡಿಗೆ ಕಳಿಸ್ತೀನಿ.

ಮತ್ತೊಬ್ಬರು: ಸರ್ ನಾನು ಹಳೇ ಸೀರೀಸಿನ ಕೋರ್ 1, ಅಂದ್ರೆ 1101 ಪಾಸ್ ಮಾಡಿ ಮನೆ ಕಷ್ಟದಲ್ಲಿ ಅಲ್ಲಿಗೇ ಬಿಟ್ಟಿದ್ದೆ. ಈಗ ಹೊಸ ಕೋರ್ 2 ಆದ 1202 ಬರೆದ್ರೆ ಎ ಪ್ಲಸ್ ಸಿಗತ್ತಾ?

ಉತ್ತರ: ಇಲ್ಲ, ಬೇಜಾರಿನ ಸುದ್ದಿ. ಎರಡೂ ಪರೀಕ್ಷೆ ಒಂದೇ ಸೀರೀಸ್‌ದಾಗಿರ್ಬೇಕು. 1101 ಮತ್ತು 1102 ಇಂಗ್ಲಿಷ್ ಪರೀಕ್ಷೆ 2025 ಸೆಪ್ಟೆಂಬರ್ 25 ಕ್ಕೆ ನಿಂತೋಯ್ತು, ಈಗ 1201, 1202 ಎರಡೂ ಬರೀಬೇಕು. ಓದಿದ್ದು ವ್ಯರ್ಥ ಆಗಲ್ಲ, ವಿಷ್ಯ ಬಹುಪಾಲು ಅದೇ. ಮೇಡಂ ನೀವೂ ಇದನ್ನ ನೋಡ್ಕೊಳ್ಳಿ, ಕೋರ್ 1 ಆದ ಮೇಲೆ ವರ್ಷಗಟ್ಲೆ ಬಿಡ್ಬೇಡಿ. ಅಕಸ್ಮಾತ್ ಫೇಲಾದ್ರೆ ಎರಡನೇ ಸಲಕ್ಕೆ ಕಾಯೋ ನಿಯಮ ಇಲ್ಲ, ಮೂರನೇ ಸಲಕ್ಕೆ, ಆಮೇಲಿನ ಪ್ರತಿ ಸಲಕ್ಕೂ 14 ದಿನ ಕಾಯ್ಬೇಕು, ಫೀ ಪ್ರತಿ ಸಲ ಕಟ್ಬೇಕು.

ಕೇಳಿದವರು: ಸರ್ ಆರು ದಿನ ಆಯ್ತು, ಅಪ್‌ಡೇಟ್ ಕೊಡೋಣ ಅಂತ. 169.254 ಬಂದಾಗ ಕೂತಲ್ಲೇ ಚಪ್ಪಾಳೆ ಹೊಡ್ದೆ, ಯಜಮಾನ್ರು ಎದ್ದು ಬಂದು ಏನಾಯ್ತು ಅಂದ್ರು. ಆಮೇಲೆ ವಿಎಂ ಕ್ಲೋನ್ ಮಾಡಿ ಎರಡನ್ನೂ ಇಂಟರ್ನಲ್ ನೆಟ್‌ವರ್ಕಲ್ಲಿ ಹಾಕಿ ಒಂದಕ್ಕೆ 192.168.50.1 ಇನ್ನೊಂದಕ್ಕೆ 50.2 ಕೊಟ್ಟೆ. ಪಿಂಗ್ ಹೋಗ್ತಿಲ್ಲ, ಎರಡು ರಾತ್ರಿ ಆಯ್ತು. ಸಬ್‌ನೆಟ್ ಮಾಸ್ಕ್ ಎರಡರಲ್ಲೂ ಒಂದೇ, ನೆಟ್‌ವರ್ಕ್ ಹೆಸ್ರೂ ಒಂದೇ. ಉತ್ತರ ಪೂರ್ತಿ ಹೇಳ್ಬೇಡಿ ಸರ್, ದಾರಿ ಮಾತ್ರ ತೋರ್ಸಿ.

ಉತ್ತರ: ಚೆನ್ನಾಗಿ ಕೇಳಿದ್ರಿ. ಎರಡು ಕಡೆ ಹುಡುಕಿ. ಒಂದು, ಎರಡೂ ವಿಎಂಲಿ ಐಪಿಕಾನ್ಫಿಗ್ ಸ್ಲ್ಯಾಶ್ ಆಲ್ ಕೊಟ್ಟು ಫಿಸಿಕಲ್ ಅಡ್ರೆಸ್ (ಮ್ಯಾಕ್ ಅಂತಾರಲ್ಲ ಅದೇ, ನೆಟ್‌ವರ್ಕ್ ಕಾರ್ಡಿನ ಗುರುತಿನ ನಂಬರು) ಪಕ್ಕಪಕ್ಕ ಇಟ್ಟು ನೋಡಿ, ಕ್ಲೋನ್ ಮಾಡುವಾಗ ಹೊಸ ಮ್ಯಾಕ್ ಅಡ್ರೆಸ್ ಹುಟ್ಟಿಸೋ ಆಪ್ಷನ್ ಆರಿಸದೇ ಇದ್ರೆ ಎರಡಕ್ಕೂ ಒಂದೇ ಇರ್ಬೋದು. ಅದು ಬೇರೆ ಬೇರೆ ಇದ್ರೆ ಎರಡನೇದು, ಕೇಬಲ್ಲೂ ಸರಿ ಐಪಿನೂ ಸರಿ ಅಂದ ಮೇಲೆ ಬಾಗ್ಲಲ್ಲಿ ನಿಂತು ತಡೆಯೋನು ಯಾರು ಅಂತ ಯೋಚ್ನೆ ಮಾಡಿ.

ಕೇಳಿದವರು: ಮ್ಯಾಕ್ ಬೇರೆ ಬೇರೆನೇ ಇತ್ತು. ಫೈರ್‌ವಾಲ್ ಸರ್!! ಇನ್‌ಬೌಂಡ್ ರೂಲ್ಸಲ್ಲಿ ಎಕೋ ರಿಕ್ವೆಸ್ಟ್ (ಪಿಂಗ್ ಕಳ್ಸೋ ಪ್ರಶ್ನೆ) ಅಂತ ಇತ್ತು, ಎನೇಬಲ್ ಮಾಡಿದ್ದೇ ತಡ ನಾಲ್ಕಕ್ಕೆ ನಾಲ್ಕೂ ರಿಪ್ಲೈ ಬಂತು. ಇಡೀ ಫೈರ್‌ವಾಲ್ ಆಫ್ ಮಾಡಿಲ್ಲ, ಆ ಒಂದು ರೂಲ್ ಮಾತ್ರ. ಬರ್ದೂ ಇಟ್ಟೆ, ಆರನೇ ಹೆಜ್ಜೆ. ಫ್ರಿಜ್ ಮೇಲಿನ ಚೀಟಿ ಮಗ ಕಿತ್ತು ವಿಮಾನ ಮಾಡಿದಾನೆ, ನಾನೂ ಸುಮ್ನಾದೆ. ನಾಳೆ ರಾತ್ರಿ ಸ್ನ್ಯಾಪ್‌ಶಾಟ್‌ಗೆ ವಾಪಸ್ ಹೋಗಿ 3389 ಬ್ಲಾಕ್ ಮಾಡಿ ನೋಡ್ತೀನಿ.