ಸಮಸ್ಯೆ: ‘ದಿಲ್ಲಿ ಸುಲ್ತಾನನಳಿಯನು ನಮ್ಮ ದೇವರೈ’

ಪ್ರಾಸದ ಮೇಷ್ಟ್ರು: ಭಾನುವಾರ ಮೇಲುಕೋಟೆಗೆ ಹೋಗಿದ್ದೆ. ಚೆಲುವನಾರಾಯಣನ ಪಾದದ ಬಳಿ ಇರುವ, ಸುಲ್ತಾನನ ಮಗಳೆಂದು ಕಥೆ ಹೇಳುವ ಬೀಬಿ ನಾಚ್ಚಿಯಾರರನ್ನು ನೆನೆಯುತ್ತ ಮೆಟ್ಟಿಲಿಳಿಯುವಾಗ ಹೊಳೆದ ಸಾಲಿದು. ಐದೈದು ಮಾತ್ರೆಯ ಗಣಗಳ ನಾಲ್ಕು ಸಾಲು, ಅಂದರೆ ಪಂಚಮಾತ್ರಾ ಚೌಪದಿ; ಇದೇ ಕೊನೆಯ ಸಾಲು, ಮೊದಲ ಮೂರು ನೀವು ಕಟ್ಟಿ. ಆದಿಪ್ರಾಸ, ಅಂದರೆ ಪ್ರತಿ ಸಾಲಿನ ಎರಡನೆಯ ಅಕ್ಷರ, ‘ಲ್ಲ’. ದ್ವಿತ್ವ ತಪ್ಪಬಾರದು.

ಚೌಪದಿಪ್ರಿಯ: ಕಥೆಯನ್ನೇ ಹಿಡಿದೆ, ಮೇಷ್ಟ್ರೇ. ಸುಲ್ತಾನನ ಅರಮನೆಯಲ್ಲಿದ್ದ ಮೂರ್ತಿಯನ್ನು ರಾಮಾನುಜರು ಕರೆದದ್ದು, ಮೂರ್ತಿ ನಡೆದುಬಂದದ್ದು, ಸುಲ್ತಾನನ ಮಗಳು ಬೆನ್ನಹಿಂದೆ ಬಂದದ್ದು.

ಮಲ್ಲಿಗೆಯ ಮುಡಿಸಿ ಗೊಂಬೆಯನಾಡಿಸಿದಳವಳು
ಸೊಲ್ಲಿಗೋಗೊಟ್ಟು ಯತಿಮಡಿಲಿಗೇರಿದನಿವನು
ನಿಲ್ಲದೆಯೆ ಹಿಂಬಂದು ಪದದಿ ನೆಲಸಿದಳಲ್ತೆ
ದಿಲ್ಲಿ ಸುಲ್ತಾನನಳಿಯನು ನಮ್ಮ ದೇವರೈ

ಮೇಷ್ಟ್ರು: ‘ಸೊಲ್ಲಿಗೋಗೊಟ್ಟು’ ಸೊಗಸಾಗಿದೆ!

ತಕರಾರು ತಿಮ್ಮ: ಪದ್ಯ ಸರಿ, ಇತಿಹಾಸ? ದಿಲ್ಲಿಯಲ್ಲಿ ಸುಲ್ತಾನರ ಆಳ್ವಿಕೆ ಶುರುವಾದದ್ದು 1206ರಲ್ಲಿ. ಸಂಪ್ರದಾಯ ಹೇಳುವ ರಾಮಾನುಜರ ಕಾಲ 1017ರಿಂದ 1137.

ಮೇಷ್ಟ್ರು: ಅದಕ್ಕೇ ತಾನೆ ‘ಸಮಸ್ಯೆ’ ಅನ್ನೋದು! ಮೂರ್ತಿ ತರಲು ನೆರವಾದ ದಲಿತರಿಗೆ ‘ತಿರುಕುಲದವರು’ ಎಂಬ ಹೆಸರೂ ದೇವಾಲಯ ಪ್ರವೇಶವೂ ಸಿಕ್ಕಿತು ಅನ್ನೋದೂ ಇದೇ ಕಥೆಯ ಭಾಗ. ಅದೂ ಯಾರಾದರೂ ಬರೆಯಲಿ.

ಕಬ್ಬಿನೂರ ಹುಡುಗಿ: ನಾನು ಕಲ್ಯಾಣಿ ದಡದಲ್ಲೇ ಕೂತುಬಿಟ್ಟೆ, ಯೋಗಾನರಸಿಂಹನ ಬೆಟ್ಟ ಹತ್ತಲಿಲ್ಲ. ಪುಳಿಯೋಗರೆ ಬಿಡಲಿಲ್ಲ.

ಮೆಲ್ಲುತ್ತ ಪುಳಿಯೋಗರೆಯ ಕೊಳದ ಮೆಟ್ಟಿಲೊಳ್
ಬಲ್ಲವರ ಕೇಳಿದೆನು ದೇವರಿಗೆ ಮಾವನಾರ್
ಹಲ್ಲಿಲ್ಲದಜ್ಜಿ ನಗುತುಸುರಿದಳು ಗುಟ್ಟನ್ನು
ದಿಲ್ಲಿ ಸುಲ್ತಾನನಳಿಯನು ನಮ್ಮ ದೇವರೈ

ಚೌಪದಿಪ್ರಿಯ: ಹಲ್ಲಿಲ್ಲದಜ್ಜಿಗೇ ಪ್ರಾಸ ದಕ್ಕಿತಲ್ಲ!

ತಕರಾರು ತಿಮ್ಮ: ಹೋಗಲಿ, ನನ್ನದೂ ಒಂದು. ಆದರೆ ಕಲ್ಲಿನ ಸಾಕ್ಷಿ ಇರುವಂಥದ್ದು. 1368ರಲ್ಲಿ ಜೈನರು ದೂರು ತಂದಾಗ ವಿಜಯನಗರದ ಬುಕ್ಕರಾಯ ಅವರ ಕೈಯನ್ನು ಶ್ರೀವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲ ಎಂದ. ಶಾಸನ ಇರುವುದು ಶ್ರವಣಬೆಳಗೊಳದಲ್ಲಿ. ಆದರೆ ಅಲ್ಲಿ ಹೆಸರಿಸಿರುವ ವೈಷ್ಣವ ಕ್ಷೇತ್ರಗಳಲ್ಲಿ ತಿರುನಾರಾಯಣಪುರವೂ ಒಂದು, ಅಂದರೆ ನಮ್ಮ ಮೇಲುಕೋಟೆ.

ಕಲ್ಲಿನೊಳ್ ಬರೆಸಿದನು ಬುಕ್ಕನೊಂದೇ ಮಾತ
ಇಲ್ಲ ಭೇದವು ಜೈನ ವೈಷ್ಣವರ ನಡುವೆಂದು
ಗೊಲ್ಲನಿಗೆ ಗಡಿಯುಂಟೆ ನಂಟು ಬೆಳೆಸುವುದಕ್ಕೆ
ದಿಲ್ಲಿ ಸುಲ್ತಾನನಳಿಯನು ನಮ್ಮ ದೇವರೈ

ಮೇಷ್ಟ್ರು: ಬುಕ್ಕನಿಂದ ದಿಲ್ಲಿಗೆ ಸ್ವಲ್ಪ ದೂರದ ಜಿಗಿತ, ಆದರೂ ‘ಗೊಲ್ಲ’ ದಡ ಸೇರಿಸಿದ.

ಕಬ್ಬಿನೂರ ಹುಡುಗಿ: ಮೇಷ್ಟ್ರೇ, ನಾನು ಮೊದಲು ನಮ್ಮ ದೇವರ ಮುದ್ದಿನ ಹೆಸರು ‘ಚೆಲ್ವಪಿಳ್ಳೆ’ ಅಂತ ಶುರುಮಾಡಿದ್ದೆ. ‘ಲ್ವ’ ಬಂತು, ಹೊಡೆದುಹಾಕಿದೆ. ಎಲ್ಲರನ್ನೂ ಒಳಗೆ ಸೇರಿಸಿಕೊಂಡ ದೇವರನ್ನೇ ನಿಮ್ಮ ಪ್ರಾಸ ಹೊರಗಿಟ್ಟಿತಲ್ಲ?